ಕೆಮ್ಮಣ್ಣಿನ ದಿಬ್ಬಗಳಲ್ಲಿ ಕಡಲು ಹುಡುಕಿದ್ದು

ಆ ಶನಿವಾರ ಮಧ್ಯಾಹ್ನ ಊಟ ಮುಗಿದ ಮೇಲೆ, ಸಿಂಹಾಚಲದ ದೇವಸ್ಥಾನಕ್ಕೆ ಹೋಗಿಬರುತ್ತೇನೆ ಎಂದು ಅಕ್ಕನಿಗೆ ಹೇಳಿದೆ. ಅವಳು ಎಡಮಗ್ಗುಲಿಗೆ ಮಲಗಿ ಮೊಬೈಲಿನಲ್ಲಿ ಏನೋ ನೋಡುತ್ತಿದ್ದಳು. ತಲೆ ಎತ್ತದೆಯೇ ಹೋಗು, ಆರೂವರೆಯೊಳಗೆ ಬಾ ಎಂದಳು. ಬಸ್ಸು ಎಲ್ಲಿ ಸಿಗುತ್ತದೆ, ಬೆಟ್ಟದ ಕೆಳಗೆ ಇಳಿದು ಇನ್ನೊಂದು ಬಸ್ಸು ಹಿಡಿಯಬೇಕು ಎಂಬುದನ್ನೂ ವಿವರಿಸಿದಳು. ನಾನು ಗಮನವಿಟ್ಟು ಕೇಳಿಸಿಕೊಂಡೆ. ಹೊರಟಿದ್ದು ಮಾತ್ರ ಅದಕ್ಕೆ ಸಂಬಂಧವೇ ಇಲ್ಲದ ದಿಕ್ಕಿಗೆ, ಭೀಮಿಲಿ ರಸ್ತೆಯಲ್ಲಿರುವ ಕೆಮ್ಮಣ್ಣಿನ ದಿಬ್ಬಗಳಿಗೆ.

ಅಕ್ಕನಿಗೆ ಆಗ ಏಳು ತಿಂಗಳು ತುಂಬಿತ್ತು. ಭಾವ ನೌಕಾಪಡೆಯಲ್ಲಿದ್ದಾರೆ. ಅವರ ಹಡಗು ಹೊರಟು ಮೂರು ವಾರ ಕಳೆದಿತ್ತು. ಯಾವಾಗ ವಾಪಸು ಎಂದು ಕೇಳುವ ಪದ್ಧತಿ ವಿಶಾಖಪಟ್ಟಣದ ಆ ಕ್ವಾರ್ಟರ್ಸಿನ ಮನೆಗಳಲ್ಲಿ ಇಲ್ಲ. ಅಮ್ಮ ಊರಿನಿಂದ ಬರಲು ಇನ್ನೂ ಹತ್ತು ದಿನಗಳಿದ್ದವು. ನಾನು ವಿಜಯವಾಡದ ಗವರ್ನರ್‌ಪೇಟೆಯಲ್ಲಿ ಒಂದು ಬ್ಯಾಂಕಿನ ಶಾಖೆಯಲ್ಲಿ ಅಧಿಕಾರಿ. ಎರಡನೆಯ ಮತ್ತು ನಾಲ್ಕನೆಯ ಶನಿವಾರ ರಜೆ ಇರುವುದರಿಂದ ಶುಕ್ರವಾರ ರಾತ್ರಿಯ ರೈಲು ಹಿಡಿದು ಅಕ್ಕನ ಬಳಿಗೆ ಬಂದು, ಭಾನುವಾರ ರಾತ್ರಿ ಹಿಂತಿರುಗುತ್ತಿದ್ದೆ. ಆ ತಿಂಗಳ ತಪಾಸಣೆಯಲ್ಲಿ ಅಕ್ಕನ ರಕ್ತದೊತ್ತಡ ಸ್ವಲ್ಪ ಏರಿತ್ತು. ಉಪ್ಪು ಕಡಿಮೆ ಮಾಡಿ, ಎಡಮಗ್ಗುಲಿಗೆ ಮಲಗಿ, ಟೆನ್ಶನ್ ಮಾತ್ರ ಮಾಡಿಕೊಳ್ಳಲೇಬೇಡಿ ಎಂದು ಡಾಕ್ಟರಮ್ಮ ಹೇಳಿದ್ದರು. ತಲೆನೋವು ಬಂದರೆ, ಕಣ್ಣು ಮಂಜಾದರೆ ಕೂಡಲೇ ಫೋನ್ ಮಾಡಬೇಕು. ಈ ಸೂಚನೆಗಳನ್ನು ನಾನೇ ಒಂದು ಹಾಳೆಯಲ್ಲಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೆ.

ಸುಳ್ಳು ಹೇಳಿದ್ದಕ್ಕೆ ಆಗ ನಾನು ಕೊಟ್ಟುಕೊಂಡ ಕಾರಣವೂ ಅದೇ. ಒಬ್ಬಳೇ ದಿಬ್ಬಗಳಿಗೆ ಹೋಗುತ್ತೇನೆ ಎಂದರೆ ಅವಳಿಗೆ ಟೆನ್ಶನ್. ದೇವಸ್ಥಾನ ಎಂದರೆ ಇಲ್ಲ.

ನಿಜ ಹೇಳಬೇಕೆಂದರೆ ಈ ಅಭ್ಯಾಸ ಅದಕ್ಕೂ ಹಳೆಯದು. ವಿಜಯವಾಡಕ್ಕೆ ವರ್ಗವಾಗಿ ಬಂದ ಮೊದಲ ತಿಂಗಳಲ್ಲೇ ಒಂದು ಸಂಗತಿ ನನ್ನ ಗಮನಕ್ಕೆ ಬಂದಿತ್ತು. ಭಾನುವಾರ ಎಲ್ಲಿಗೆ ಹೋಗಿದ್ದೆ ಎಂಬುದಕ್ಕೆ ನಾನು ಕೋಟೆ, ನದಿ, ಬಂಡೆ ಎಂದು ಯಾವ ಉತ್ತರ ಕೊಟ್ಟರೂ ಹಾಸ್ಟೆಲಿನ ಆಂಟಿಯಿಂದ ಹಿಡಿದು ನಮ್ಮ ಕ್ಯಾಷಿಯರ್ ತನಕ ಎಲ್ಲರೂ ಮೊದಲು ಕೇಳುವುದು "ಒಕ್ಕರೇನಾ?" ಎಂದು. ಒಬ್ಬರೇನಾ? ಅದರ ಹಿಂದೆಯೇ ಇನ್ನೂ ನಾಲ್ಕು ಪ್ರಶ್ನೆಗಳು ಬರುತ್ತವೆ. ಗುಡಿಗೆ ಹೋಗಿದ್ದೆ ಎಂದರೆ ಯಾರೂ ಏನೂ ಕೇಳುವುದಿಲ್ಲ. ಹುಡುಗಿಯೊಬ್ಬಳು ಒಂಟಿಯಾಗಿ ಹೋಗಲು ಅನುಮತಿ ಬೇಕಿಲ್ಲದ ಜಾಗ ಅದೊಂದೇ. ಹಾಗಾಗಿ ಕ್ಯಾಮೆರಾ ಹಿಡಿದು ಕಲ್ಲುಬೆಟ್ಟಗಳನ್ನು ಹತ್ತಿದ ಎಷ್ಟೋ ಭಾನುವಾರಗಳು ಶಾಖೆಯ ಪಾಲಿಗೆ ನನ್ನ ದೈವಭಕ್ತಿಯ ಭಾನುವಾರಗಳಾಗಿದ್ದವು. ನಾನು ಬಹಳ ಆಚಾರವಂತೆ ಎಂದು ಅಲ್ಲಿ ಹೆಸರಾಗಿತ್ತು. ಅದನ್ನು ನಾನು ತಿದ್ದಲಿಲ್ಲ.

ದಿಬ್ಬಗಳನ್ನು ಹಿಂದಿನ ಸಲ ಬಂದಾಗ ಬಸ್ಸಿನ ಕಿಟಕಿಯಿಂದ ನೋಡಿದ್ದೆ. ಭೀಮಿಲಿಗೆ ಹೋಗುವಾಗ ಬಲಕ್ಕೆ ಕಡಲು, ಎಡಕ್ಕೆ ಸರ್ವೆ ಮರಗಳು. ಮರಗಳ ಸಂದಿಯಲ್ಲಿ ಒಮ್ಮೆಗೇ ನೆಲ ಬಾಯಿ ಬಿಟ್ಟಂತೆ ಕೆಂಪು ಕಮರಿಗಳು. ಗಾಳಿ ತಂದು ಗುಡ್ಡೆ ಹಾಕಿದ ಮರಳನ್ನು ಸಾವಿರಾರು ವರ್ಷಗಳ ಮಳೆನೀರು ಕೊರೆದು ಮಾಡಿದ ಓಣಿಗಳು ಅವು. ಕೆಲವು ಕಡೆ ಗೋಡೆಗಳು ಎರಡು ಅಂತಸ್ತಿನ ಮನೆಯಷ್ಟು ಎತ್ತರ. ಇಳಿಬಿಸಿಲು ಅಡ್ಡಲಾಗಿ ಬಿದ್ದಾಗ ಆ ಗೋಡೆಗಳ ಒಂದೊಂದು ಗೀರೂ ಎದ್ದು ಕಾಣುತ್ತದೆ. ನನಗೆ ಬೇಕಾಗಿದ್ದದ್ದು ಆ ಮುಕ್ಕಾಲು ಗಂಟೆಯ ಬೆಳಕು.

ಪುಟ್ಟ ಪುಸ್ತಕದಲ್ಲಿ ಎಲ್ಲವನ್ನೂ ಬರೆದುಕೊಂಡಿದ್ದೆ. ಸೂರ್ಯಾಸ್ತ ಐದು ಇಪ್ಪತ್ತೆರಡಕ್ಕೆ. ನಾಲ್ಕರಿಂದ ನಾಲ್ಕೂ ಮುಕ್ಕಾಲರವರೆಗೆ ಫೋಟೊ. ಐದಕ್ಕೆ ರಸ್ತೆಯಲ್ಲಿ. ಆರೂ ಕಾಲಿಗೆ ಅಕ್ಕನ ಮನೆ. ಬರೆಯದೆ ಮಾಡಿದ ಕೆಲಸ ಒಂದೇ. ಬಸ್ಸು ಹತ್ತಿದ ಕೂಡಲೇ ಫೋನನ್ನು ಫ್ಲೈಟ್ ಮೋಡಿಗೆ ಹಾಕಿದೆ. ಅಕ್ಕ ಫೋನ್ ಮಾಡಿದರೆ ನನ್ನ ಹಿಂದೆ ಗಂಟೆಯ ಸದ್ದಿಲ್ಲ, ಜನರ ಗದ್ದಲವಿಲ್ಲ, ಬರೀ ಗಾಳಿ ಕೇಳಿಸುತ್ತದೆ ಎಂಬ ಹೆದರಿಕೆ. ದೇವಸ್ಥಾನದ ಒಳಗೆ ಫೋನ್ ಬಿಡುವುದಿಲ್ಲ ಎಂದು ಆಮೇಲೆ ಹೇಳಿದರಾಯಿತು ಎಂದು ಉತ್ತರವನ್ನೂ ಸಿದ್ಧ ಮಾಡಿಟ್ಟುಕೊಂಡಿದ್ದೆ.

ಇಳಿದಾಗ ಮೂರೂ ಮುಕ್ಕಾಲು. ಕಂಡಕ್ಟರ್ ನನ್ನನ್ನೂ ನನ್ನ ಬ್ಯಾಗನ್ನೂ ನೋಡಿ, ಶೂಟಿಂಗಿನವರ ಜೊತೆಯಾ ಎಂದು ಕೇಳಿದ. ಹೌದು ಎಂದುಬಿಟ್ಟೆ. ಅದು ಆ ದಿನದ ಎರಡನೆಯ ಸುಳ್ಳು. ಆದರೆ ಒಳಗೆ ಹೋದಾಗ ನಿಜವಾಗಿಯೂ ಒಂದು ಶೂಟಿಂಗ್ ನಡೆಯುತ್ತಿತ್ತು. ಮದುವೆಗೆ ಮುಂಚಿನ ವಿಡಿಯೊ. ಉದ್ದನೆಯ ಹಳದಿ ಗೌನು ತೊಟ್ಟ ಹುಡುಗಿ ದಿಬ್ಬದ ತುದಿಯಿಂದ ಮತ್ತೆ ಮತ್ತೆ ಓಡಿ ಇಳಿಯುತ್ತಿದ್ದಳು. ಹುಡುಗ ಕೈ ಚಾಚಿ ನಿಂತಿದ್ದ. ಗೌನಿನ ಅಂಚು ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ಅವರೆಲ್ಲ ಇರುವುದು ನನಗೆ ಕಿರಿಕಿರಿಯೂ ಹೌದು, ಧೈರ್ಯವೂ ಹೌದು. ಅವರ ಮಾತು ಕೇಳುವಷ್ಟು ದೂರದಲ್ಲೇ ಇರಬೇಕೆಂದು ನಿಶ್ಚಯಿಸಿ ಪಕ್ಕದ ಕಮರಿಗೆ ಇಳಿದೆ.

ಮೊದಲ ಅರ್ಧ ಗಂಟೆ ನಾನು ನಿಯಮ ಮುರಿಯಲಿಲ್ಲ. ಒಂದು ತಿರುವು ದಾಟಿದರೆ ಹಿಂತಿರುಗಿ ನೋಡುವುದು, ಗೋಡೆಯಲ್ಲಿ ಗುರುತಿಗೆ ಏನಿದೆ ಎಂದು ಮನಸ್ಸಿನಲ್ಲಿಟ್ಟುಕೊಳ್ಳುವುದು. ಬೇರು ಜೋತುಬಿದ್ದ ಜಾಗ, ಹಕ್ಕಿಗಳು ತೂತು ಕೊರೆದ ಜಾಗ. ಬೆಳಕು ಒಂದೊಂದೇ ನಿಮಿಷಕ್ಕೆ ಬದಲಾಗುತ್ತಿತ್ತು. ಗೋಡೆಯ ಮೇಲ್ಭಾಗ ಕೆಂಡದಂತೆ ಹೊಳೆಯುವಾಗ ಕೆಳಭಾಗ ಆಗಲೇ ನೇರಳೆ ಬಣ್ಣಕ್ಕೆ ತಿರುಗಿತ್ತು. ನಾನು ಇಷ್ಟು ದಿನ ತೆಗೆದ ಯಾವ ಚಿತ್ರದಲ್ಲೂ ಅಂಥ ಗೆರೆಗಳಿರಲಿಲ್ಲ. ಇನ್ನೊಂದು ತಿರುವಿನಾಚೆ ಇನ್ನೂ ಚೆನ್ನಾಗಿರುತ್ತದೆ ಎನ್ನಿಸುತ್ತಿತ್ತು, ಹೋಗಿ ನೋಡಿದರೆ ಇರುತ್ತಿತ್ತು. ನಡುವೆ ಎಲ್ಲಿಯೋ ಹಿಂತಿರುಗಿ ನೋಡುವುದು ನಿಂತಿತು. ಯಾವ ತಿರುವಿನಲ್ಲಿ ಎಂದು ಎಷ್ಟು ಯೋಚಿಸಿದರೂ ಇವತ್ತಿಗೂ ನೆನಪಾಗುವುದಿಲ್ಲ.

ಗಡಿಯಾರ ನೋಡಿದಾಗ ಐದು ಗಂಟೆ ಐದು ನಿಮಿಷ. ಕಿವಿಗೊಟ್ಟು ಕೇಳಿದೆ. ಮದುವೆ ಶೂಟಿಂಗಿನವರ ಸದ್ದು ಇರಲಿಲ್ಲ. ಅದು ಎಷ್ಟು ಹೊತ್ತಿನಿಂದ ಇರಲಿಲ್ಲವೋ ಗೊತ್ತಿಲ್ಲ.

ಕ್ಯಾಮೆರಾವನ್ನು ಒಳಗಿಟ್ಟು ಬ್ಯಾಗಿನ ಜಿಪ್ ಎಳೆದೆ. ಗಾಬರಿಯಾಗಿಲ್ಲ ಎಂದು ನನಗೆ ನಾನೇ ತೋರಿಸಿಕೊಳ್ಳಲು ನಿಧಾನವಾಗಿಯೇ ಎಳೆದೆ. ಬಂದ ದಾರಿಯಲ್ಲಿ ಹಿಂದಕ್ಕೆ ಹೋದರೆ ಬೇರು ಜೋತುಬಿದ್ದ ಗೋಡೆ ಸಿಗಬೇಕು. ಸಿಕ್ಕಿತು. ಅದರಾಚೆಗೂ ಬೇರು ಜೋತುಬಿದ್ದ ಇನ್ನೊಂದು ಗೋಡೆ, ಅದರ ಎದುರಿಗೆ ಮತ್ತೊಂದು. ಕಮರಿ ಎರಡಾಗಿ ಒಡೆದಿತ್ತು. ಮರಳಿನಲ್ಲಿ ಹೆಜ್ಜೆಗುರುತುಗಳು ಎರಡು ಕಡೆಗೂ ಇದ್ದವು, ಚಪ್ಪಲಿಯವು, ಬೂಟಿನವು, ಬರಿಗಾಲಿನವು. ಇಡೀ ವಾರದ ಜನರ ಹೆಜ್ಜೆಗಳು. ನನ್ನ ಶೂ ಯಾವುದೆಂದು ಬಗ್ಗಿ ಹುಡುಕಿದೆ. ಫೋನನ್ನು ಫ್ಲೈಟ್ ಮೋಡಿನಿಂದ ತೆಗೆದೆ. ಆ ಆಳದಲ್ಲಿ ಸಿಗ್ನಲ್ಲಿನ ಒಂದು ಕಡ್ಡಿಯೂ ಇರಲಿಲ್ಲ. ನಕ್ಷೆ ತೆರೆದುಕೊಳ್ಳಲೇ ಇಲ್ಲ.

ಆ ಹೊತ್ತಿಗೆ ನನ್ನನ್ನು ಹಿಡಿದ ಭಯ ಕತ್ತಲೆಯದ್ದಲ್ಲ, ಹಾವಿನದ್ದೂ ಅಲ್ಲ. ನಾನು ಇಲ್ಲಿದ್ದೇನೆ ಎಂದು ಜಗತ್ತಿನಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಆರೂವರೆಗೆ ಅಕ್ಕ ಗಡಿಯಾರ ನೋಡುತ್ತಾಳೆ. ಏಳಕ್ಕೆ ಎದ್ದು ಓಡಾಡಲು ಶುರು ಮಾಡುತ್ತಾಳೆ. ಯಾವುದು ಆಗಬಾರದೆಂದು ಹಾಳೆಯಲ್ಲಿ ಬರೆದು ಅಂಟಿಸಿದ್ದೆನೋ ಅದನ್ನೇ ಮಾಡಲು ಹೊರಟಿದ್ದೆ.

ಯೋಚಿಸು ಎಂದು ನನಗೆ ನಾನೇ ಹೇಳಿಕೊಂಡೆ. ರಸ್ತೆ ಕಡಲ ಪಕ್ಕದಲ್ಲಿದೆ. ಕಡಲ ಬದಿಗೆ ನಡೆದರೆ ರಸ್ತೆ ಸಿಗಲೇಬೇಕು. ಇದು ಸರಿಯಾದ ತರ್ಕ, ಈಗಲೂ ಅದರಲ್ಲಿ ತಪ್ಪು ಕಾಣುವುದಿಲ್ಲ. ತಲೆ ಎತ್ತಿ ನೋಡಿದೆ. ಒಂದು ಕಡೆಯ ಅಂಚಿನ ಮೇಲೆ ಆಕಾಶ ಇನ್ನೂ ಹೊಂಬಣ್ಣವಾಗಿತ್ತು. ಆ ಕಡೆಗೆ ಹೋಗುವ ಕಮರಿಯನ್ನು ಹಿಡಿದು ಬೇಗ ಬೇಗ ನಡೆಯತೊಡಗಿದೆ.

ಹದಿನೈದು ನಿಮಿಷ ನಡೆದಿರಬೇಕು. ಗೋಡೆಗಳು ತಗ್ಗಾಗುತ್ತ ಬಂದವು. ಒಳ್ಳೆಯ ಲಕ್ಷಣ ಎಂದುಕೊಂಡೆ, ದಿಬ್ಬಗಳು ಮುಗಿಯುತ್ತಿವೆ, ಇನ್ನು ರಸ್ತೆಯೇ. ಓಣಿ ಕಿರಿದಾಗಿ ಭುಜ ಎರಡೂ ಕಡೆ ತಾಗುವಂತಾಯಿತು. ಕೊನೆಗೆ ಮುಳ್ಳುಕಂಟಿಗಳ ಕೆಳಗೆ ಮುಗಿದೇ ಹೋಯಿತು. ಸಡಿಲ ಮಣ್ಣಿನಲ್ಲಿ ಮೊಣಕಾಲೂರಿ, ಬೇರು ಹಿಡಿದು ಮೇಲಕ್ಕೆ ಹತ್ತಿದೆ. ಎದ್ದು ನಿಂತಾಗ ಎದುರಿಗೆ ಗೇರುಮರಗಳು, ಕೆಲವು ತಾಳೆಮರಗಳು, ಅವುಗಳಾಚೆ ಬೆಟ್ಟಗಳ ಸಾಲು. ಬೆಟ್ಟದ ಹಿಂದೆ ಸೂರ್ಯ ಆಗಷ್ಟೇ ಇಳಿದಿದ್ದ.

ಕಡಲು ಇರಲಿಲ್ಲ. ಕಡಲು ಇರಬೇಕಾದ ಜಾಗದಲ್ಲಿ ಬೆಟ್ಟಗಳಿದ್ದವು. ಯಾರೋ ಕಡಲನ್ನು ತೆಗೆದಿಟ್ಟುಬಿಟ್ಟಿದ್ದಾರೆ ಎಂದೇ ಒಂದು ಕ್ಷಣ ಅನ್ನಿಸಿತು. ಬಾಟಲಿ ತೆಗೆದು ಉಳಿದಿದ್ದ ನೀರನ್ನೆಲ್ಲ ಕುಡಿದೆ.

ಗೇರುಮರಗಳ ಕೆಳಗಿನಿಂದ ಮೇಕೆಗಳು ಬಂದವು. ಹಿಂದೆ, ತಲೆಗೆ ಸೆರಗು ಸುತ್ತಿದ, ಅಮ್ಮನಿಗಿಂತ ತುಸು ಹಿರಿಯಳಾದ ಹೆಂಗಸು, ಕೈಯಲ್ಲಿ ಉದ್ದನೆಯ ದೋಟಿ. ನನ್ನ ತೆಲುಗು ಬ್ಯಾಂಕಿನ ಕೌಂಟರಿನಲ್ಲಿ ಕಲಿತದ್ದು. ಇಲ್ಲಿ ಸಹಿ ಹಾಕಿ, ನಾಳೆ ಬನ್ನಿ, ಆಧಾರ್ ತಂದಿದ್ದೀರಾ, ಇಂಥವು. ಎಲ್ಲದರ ಕೊನೆಗೂ ಒಂದು ಮರ್ಯಾದೆಯ 'ಅಂಡಿ'. ಅದೇ ಮರ್ಯಾದೆಯಲ್ಲಿ, "ಸಮುದ್ರಂ ಎಟು ವೈಪು ಅಂಡಿ?" ಎಂದು ಕೇಳಿದೆ. ಸಮುದ್ರ ಯಾವ ಕಡೆಗಿದೆ?

ಆಕೆ ನಿಂತಳು. ಕೆಂಪು ಮಣ್ಣು ಮೆತ್ತಿದ ನನ್ನ ಮೊಣಕಾಲು, ಬ್ಯಾಗು, ಮುಖ ಎಲ್ಲವನ್ನೂ ನೋಡಿದಳು. ಎಲ್ಲಿಗೆ ಹೊರಟೆ ಎಂದು ಕೇಳಿದಳು. ರಸ್ತೆಗೆ, ಕಡಲ ಹತ್ತಿರದ ರಸ್ತೆಗೆ ಎಂದು ಎದುರಿನ ಬೆಟ್ಟಗಳತ್ತ ಕೈ ತೋರಿಸಿದೆ. ಆಮೇಲೆ ಆಕೆ ನಕ್ಕ ನಗು ಮೇಕೆಗಳೂ ತಲೆ ಎತ್ತಿ ನೋಡುವಂಥದ್ದು.

"ಸೂರ್ಯ ಮುಳುಗೋ ಕಡೆ ಸಮುದ್ರ ಇರ್ತದಾ ತಾಯಿ? ನಿಮ್ಮೂರಲ್ಲಿ ಹಂಗಿದೆಯಾ?" ಎಂದು ತೆಲುಗಿನಲ್ಲಿ ಕೇಳಿದಳು. ಕೇಳಿ, ನನ್ನ ಎರಡೂ ಭುಜ ಹಿಡಿದು, ಮಗುವನ್ನು ತಿರುಗಿಸುವ ಹಾಗೆ ಪೂರ್ತಿ ಹಿಂದಕ್ಕೆ ತಿರುಗಿಸಿ ನಿಲ್ಲಿಸಿದಳು. ಮರಗಳ ಮೇಲಿನಿಂದ, ಕಮರಿಗಳೆಲ್ಲದರ ಆಚೆ, ಬೂದು ಬಣ್ಣದ ಒಂದು ಪಟ್ಟಿ. ಅದರ ಮೇಲೆ ಆಗಲೇ ಕತ್ತಲೆ ಇಳಿಯುತ್ತಿತ್ತು.

ನಮ್ಮೂರಿನಲ್ಲಿ ಹಾಗೆಯೇ ಇದೆ. ಉಡುಪಿಯ ಹತ್ತಿರ, ಕಡಲ ತಡಿಯಲ್ಲಿ ನಾನು ಹುಟ್ಟಿ ಬೆಳೆದ ಮನೆಯಲ್ಲಿ ಪೂರ್ವ ಪಶ್ಚಿಮ ಎಂದು ಯಾರೂ ಹೇಳುವುದನ್ನು ಕೇಳಿಲ್ಲ. ಕಡಲ ಬದಿ, ಗುಡ್ಡೆ ಬದಿ, ಅಷ್ಟೇ. ಕಡಲ ಬದಿಯ ಕಿಟಕಿ ಹಾಕು, ಬಿಸಿಲು ಬರ್ತದೆ ಎಂದು ಅಮ್ಮ ಸಂಜೆ ಹೇಳುತ್ತಿದ್ದರು. ಶಾಲೆಯಿಂದ ಮನೆಗೆ ಬರುವುದೆಂದರೆ ಕಣ್ಣು ಕಿರಿದು ಮಾಡಿಕೊಂಡು ಸೂರ್ಯನ ಕಡೆಗೇ ನಡೆಯುವುದು. ಹದಿನೆಂಟು ವರ್ಷ ನಡೆದಿದ್ದೇನೆ. ವಿಶಾಖಪಟ್ಟಣದ ಕಡಲು ಪೂರ್ವಕ್ಕಿದೆ ಎಂದು ನನಗೆ ಗೊತ್ತಿರಲಿಲ್ಲವೆಂದಲ್ಲ, ಯಾವ ಗೋಡೆಗೆ ಯಾವ ಬೆಳಕು ಎಂದು ಪುಸ್ತಕದಲ್ಲಿ ಚಿತ್ರ ಬರೆದು ಬಾಣದ ಗುರುತು ಹಾಕಿದವಳೇ ನಾನು. ಆದರೆ ಹೆದರಿದಾಗ ಕಾಲುಗಳು ಪುಸ್ತಕ ನೋಡಲಿಲ್ಲ. ಬೆಳಕಿರುವ ಕಡೆ ಕಡಲು, ಕಡಲಿರುವ ಕಡೆ ಮನೆ ಎಂದು ಹೊರಟುಬಿಟ್ಟವು.

ಆಕೆಯ ಊರು ರಸ್ತೆಯಂಚಿಗೇ ಇತ್ತು. ತನ್ನ ಹಿಂದೆಯೇ ಬರಲು ಹೇಳಿದಳು. ಕಮರಿಗಳ ಒಳಗೆ ಇಳಿಯದೆ ಅಂಚಿನಲ್ಲೇ ಸುತ್ತಿಕೊಂಡು ಹೋಗುವ ಒಂದು ಸಣ್ಣ ದಾರಿ, ಮೇಕೆಗಳು ಒಂದರ ಹಿಂದೊಂದು ನಡೆಯುವಷ್ಟೇ ಅಗಲ. ನನಗೆ ಓಡಬೇಕಿತ್ತು. ಮೇಕೆಗಳಿಗೆ ಬೇಕಿರಲಿಲ್ಲ. ಒಂದು ಕಂಟಿ ಸಿಕ್ಕಿದರೆ ಒಂದು ನಿಲ್ಲುತ್ತಿತ್ತು, ಅದು ನಿಂತರೆ ಎಲ್ಲವೂ ನಿಲ್ಲುತ್ತಿದ್ದವು. ಆಕೆ ಅವುಗಳಿಗೆ ತಿಳಿಸಿ ಹೇಳುವವಳಂತೆ ಏನೋ ಗೊಣಗಿ ಕಾಯುತ್ತಿದ್ದಳು. ಮುಂದೆ ಹೋಗೋಣವೆಂದರೆ ದಾರಿ ಗೊತ್ತಿಲ್ಲ. ಒಂದು ಪಕ್ಕದಲ್ಲಿ ಕಮರಿಯ ತಳ ಆಗಲೇ ಕಾಣದಾಗಿತ್ತು. ನಡುವೆ ಆಕೆ ಒಬ್ಬಳೇ ಬಂದೆಯಾ ಎಂದು ಕೇಳಿದಳು. ಹೌದು ಎಂದೆ. ಅದು ಆ ದಿನ ನಾನು ಹೇಳಿದ ಮೊದಲ ನಿಜವಾದ ಮಾತು. ಆಕೆಯೂ ಒಬ್ಬಳೇ ಬಂದಿದ್ದಳು.

ಅಂಚಿನ ಒಂದು ಎತ್ತರದ ಜಾಗದಲ್ಲಿ ಫೋನ್ ಕಂಪಿಸಿತು. ನಿಲ್ಲದೆ ಕಂಪಿಸುತ್ತಲೇ ಇತ್ತು. ಫೋನ್ ಸಿಗದಿದ್ದಾಗ ಬಂದ ಹನ್ನೊಂದು ಕರೆಗಳ ಸಂದೇಶಗಳು, ಎಲ್ಲವೂ ಅಕ್ಕನದ್ದೇ. ಮೊದಲನೆಯದು ನಾಲ್ಕು ಇಪ್ಪತ್ತಕ್ಕೆ. ಆಗ ನನ್ನನ್ನು ತಡವಾಯಿತೆಂದು ಹುಡುಕುವ ಹೊತ್ತಲ್ಲ. ಅಂದರೆ ಅವಳು ಬೇರೆ ಯಾವುದಕ್ಕೋ ಫೋನ್ ಮಾಡಿದ್ದಳು. ಮೇಕೆಗಳ ಹಿಂದೆ ನಿಂತೇ ಕರೆ ಮಾಡಿದೆ. ಒಂದೇ ರಿಂಗಿಗೆ ಎತ್ತಿದಳು.

"ಎಲ್ಲಿದ್ದಿ ನೀನು?"

ಏನಾಯಿತು ಎಂದು ನಾನು ಕೇಳಿದೆ.

"ನನಗೆಂತ ಆಗ್ಲಿಲ್ಲ. ತಲೆನೋವು ಬಂತು, ಬರುವಾಗ ಮಾತ್ರೆ ತಾ ಅಂತ ಹೇಳ್ಲಿಕ್ಕೆ ಕಾಲ್ ಮಾಡಿದೆ. ಫೋನ್ ಆಫ್. ನಾಲ್ಕೂವರೆಗೂ ಆಫ್. ಪಕ್ಕದ ಮನೆಯವರು ನಿನ್ನನ್ನು ಹುಡುಕ್ಲಿಕ್ಕೆ ಸ್ಕೂಟರಲ್ಲಿ ಸಿಂಹಾಚಲಕ್ಕೆ ಹೋಗಿದ್ದಾರೆ ಮಾರಾಯ್ತಿ. ಅಲ್ಲಿ ಮೈಕಿನಲ್ಲಿ ಎರಡು ಸಲ ನಿನ್ನ ಹೆಸರು ಕೂಗಿಸಿದ್ರಂತೆ."

ಸಾವಿರ ಜನರ ನಡುವೆ, ಮೈಕಿನಲ್ಲಿ, ನಾನಿಲ್ಲದ ಜಾಗದಲ್ಲಿ ನನ್ನ ಹೆಸರು. ಹೆಸರನ್ನು ಬ್ಯಾಂಕಿನ ಬಿಲ್ಲೆಯ ಮೇಲೆ ಬಿಟ್ಟರೆ ಬೇರೆಲ್ಲೂ ಹಾಕಿಕೊಳ್ಳಲು ಇಷ್ಟಪಡದವಳು ನಾನು.

"ನಾನು ಸಿಂಹಾಚಲದಲ್ಲಿ ಇಲ್ಲ ಅಕ್ಕ," ಎಂದೆ. "ಭೀಮಿಲಿ ರಸ್ತೆಯ ಕೆಂಪು ದಿಬ್ಬಕ್ಕೆ ಬಂದಿದ್ದೆ, ಫೋಟೊ ತೆಗೀಲಿಕ್ಕೆ. ದಾರಿ ತಪ್ಪಿತು. ಈಗ ಒಬ್ಬರು ಸಿಕ್ಕಿದ್ದಾರೆ, ರಸ್ತೆಗೆ ಕರಕೊಂಡು ಹೋಗ್ತಿದ್ದಾರೆ."

ಆ ಕಡೆ ಅವಳು ಉಸಿರಾಡುವುದನ್ನು ನಾನು ಎಣಿಸುತ್ತಿದ್ದೆ.

"ದಾರಿ ತಪ್ಪಿದ್ದು ಹೇಗೆ?" ಎಂದಳು. ನಾನು ಬಾಯಿ ತೆರೆಯುವ ಮೊದಲೇ ಅವಳೇ ಹೇಳಿದಳು, "ಸೂರ್ಯ ಇದ್ದ ಬದಿಗೆ ನಡೆದ್ಯಲ್ಲ?"

ಹೌದು ಎಂದಾಗ ನನಗೆ ಅಳು ಬಂತು. ಮೇಕೆಯ ಹೆಂಗಸು ಯಾವ ಸಂಕೋಚವೂ ಇಲ್ಲದೆ ನನ್ನನ್ನೇ ನೋಡುತ್ತಿದ್ದಳು. ಅಕ್ಕ ಮದುವೆಯಾಗಿ ಇಲ್ಲಿಗೆ ಬಂದ ಮೊದಲ ವರ್ಷ ಸಂಜೆಯ ಬಿಸಿಲಿಗೆಂದು ಬಟ್ಟೆಯನ್ನೆಲ್ಲ ಕಡಲು ಕಾಣುವ ಬಾಲ್ಕನಿಯಲ್ಲಿ ಹರವುತ್ತಿದ್ದಳಂತೆ. ಮಾರನೆಯ ದಿನವೂ ಒದ್ದೆ. ಭಾವನಿಗೆ ಹೇಳಿರಲಿಲ್ಲವಂತೆ, ನಗುತ್ತಾರೆ ಎಂದು. ಇದನ್ನೆಲ್ಲ ಹೇಳುವಾಗ ಅವಳ ದನಿ ಸಾಧಾರಣವಾಗಿಯೇ ಇತ್ತು. ತಲೆನೋವು ಹೇಗಿದೆ ಎಂದು ಕೇಳಿದೆ. ಇದೆ ಎಂದಳು.

ರಸ್ತೆಗೆ ಬಂದಾಗ ಆರು ಗಂಟೆ ದಾಟಿತ್ತು. ಹೆಂಗಸು ತಾನೇ ಕೈ ಅಡ್ಡ ಹಾಕಿ ಒಂದು ಆಟೊ ನಿಲ್ಲಿಸಿ, ಈ ಹುಡುಗಿಗೆ ಸಮುದ್ರ ಯಾವ ಕಡೆ ಎಂದು ಗೊತ್ತಿಲ್ಲ, ಸರಿಯಾಗಿ ಬಿಡು ಎಂದು ಡ್ರೈವರಿಗೆ ತಾಕೀತು ಮಾಡಿದಳು. ಅವನು ದಾರಿಯುದ್ದಕ್ಕೂ ಕನ್ನಡಿಯಲ್ಲಿ ನನ್ನನ್ನು ನೋಡಿ ಮುಗುಳ್ನಗುತ್ತಿದ್ದ. ನನ್ನ ಕಣ್ಣೆಲ್ಲ ಫೋನಿನ ಗಡಿಯಾರದ ಮೇಲಿತ್ತು. ಒಂದೊಂದು ಸಿಗ್ನಲ್ಲಿನಲ್ಲಿ ಆಟೊ ನಿಂತಾಗಲೂ, ತಲೆನೋವು ಬಂದಿದ್ದು ನಾಲ್ಕು ಇಪ್ಪತ್ತಕ್ಕೆ, ಈಗ ಎರಡು ಗಂಟೆಯಾಯಿತು, ಎರಡೂ ಕಾಲು ಗಂಟೆಯಾಯಿತು ಎಂದು ಲೆಕ್ಕ ಹಾಕುತ್ತಿದ್ದೆ.

ಬಾಗಿಲು ತೆರೆದದ್ದು ಪಕ್ಕದ ಮನೆಯ ಅಕ್ಕ, ಶ್ರೀಕಾಕುಳಂ ಕಡೆಯವರು, ಅವರ ಗಂಡನೂ ನೌಕಾಪಡೆಯವರೇ. ಅವರು ನನ್ನ ಬಟ್ಟೆಗೆ ಮೆತ್ತಿದ ಕೆಂಪು ಮಣ್ಣನ್ನು ನೋಡಿ ಪಕ್ಕಕ್ಕೆ ಸರಿದರು. ಬಿ.ಪಿ. ಮೆಷಿನ್ನಿನ ಪಟ್ಟಿ ಅಕ್ಕನ ತೋಳಿಗೆ ಸುತ್ತಿಯೇ ಇತ್ತು. ನಾನು ಕೈ ತೊಳೆದು ಬಂದು ಹಾಸಿಗೆಯ ಪಕ್ಕ ನಿಂತೆ. ಮೆಷಿನ್ನು ಗೊರ್ ಎಂದು ಗಾಳಿ ತುಂಬಿಕೊಂಡು, ಸಣ್ಣಗೆ ಬಿಡುತ್ತ ಬಂತು. ನೂರ ಐವತ್ತೆರಡು, ಕೆಳಗಿನದು ತೊಂಬತ್ತೆಂಟು. ನನ್ನ ಹಾಳೆಯಲ್ಲಿ ಬರೆದಿದ್ದ ಯಾವ ಸಂಖ್ಯೆಯೂ ಅಷ್ಟು ಎತ್ತರದ್ದಲ್ಲ.

ಡಾಕ್ಟರಮ್ಮನಿಗೆ ನಾನೇ ಫೋನ್ ಮಾಡಿದೆ. ಮಾತ್ರೆ ಕೊಡಿ, ದೀಪ ಆರಿಸಿ ಮಲಗಿಸಿ, ಒಂದು ಗಂಟೆ ಬಿಟ್ಟು ನೋಡಿ, ಇಳಿಯದಿದ್ದರೆ ಕೂಡಲೇ ಕರೆದುಕೊಂಡು ಬನ್ನಿ ಎಂದರು. ಏನಾದರೂ ಗಾಬರಿಯಾಗುವಂಥದ್ದು ಆಯಿತಾ ಎಂದೂ ಕೇಳಿದರು. ಹೌದು ಎಂದೆ.

ಆ ಒಂದು ಗಂಟೆಯ ನಡುವೆ ಪಕ್ಕದ ಮನೆಯವರ ಗಂಡ ಸಿಂಹಾಚಲದಿಂದ ಬಂದರು. ಬಾಗಿಲಲ್ಲೇ ನಿಂತು, ಸಿಕ್ಕಿದಳಲ್ಲ, ಸಾಕು ಎಂದರು. ಜನ ಬಹಳ ಇತ್ತು, ಕೆಂಪು ಚೂಡಿದಾರದ ಮೂವರು ಹುಡುಗಿಯರನ್ನು ತಡೆದು ನಿಲ್ಲಿಸಿ ಕೇಳಿದೆ, ಒಬ್ಬಳ ಅಪ್ಪ ಜಗಳಕ್ಕೇ ಬಂದ ಎಂದು ನಗುತ್ತ ಹೇಳಿದರು. ಆ ದಿನ ನಾನು ತೊಟ್ಟಿದ್ದು ನೀಲಿ. ಅಕ್ಕ ಗಾಬರಿಯಲ್ಲಿ ಬಣ್ಣವನ್ನೂ ತಪ್ಪು ಹೇಳಿದ್ದಳು. ಅವರ ಕ್ಷಮೆ ಕೇಳಲು ನನಗೆ ತೆಲುಗಿನಲ್ಲಿ ಶಬ್ದಗಳು ಸಾಲಲಿಲ್ಲ. ಅಸೌಕರ್ಯಕ್ಕೆ ವಿಷಾದಿಸುತ್ತೇವೆ ಎಂಬ ಅರ್ಥದ, ಶಾಖೆಯ ಬೋರ್ಡಿನ ಮೇಲಿರುವ ವಾಕ್ಯವೊಂದೇ ನೆನಪಿಗೆ ಬಂತು. ಕೈ ಮುಗಿದೆ.

ಅವರಿಬ್ಬರೂ ಹೋದ ಮೇಲೆ ಕತ್ತಲಲ್ಲಿ ಅಕ್ಕನ ಕಾಲ ಬಳಿ ಕುಳಿತೆ. ಅವಳು ನಿದ್ದೆ ಮಾಡುತ್ತಿದ್ದಾಳೆ ಎಂದುಕೊಂಡಿದ್ದೆ.

"ಟೆನ್ಶನ್ ಆಗ್ಬಾರ್ದು ಅಂತ ಸುಳ್ಳು ಹೇಳಿದ್ದಾ?" ಎಂದಳು.

ಹೌದು ಎಂದೆ. ಸ್ವಲ್ಪ ತಡೆದು, ಪೂರ್ತಿ ಅದಕ್ಕೇ ಅಲ್ಲ ಎಂದೂ ಹೇಳಿದೆ. ಯಾರಿಗೂ ಹೇಳದೆ ಎಲ್ಲಿಗಾದರೂ ಹೋಗುವುದು ನನಗೆ ಇಷ್ಟ, ಹೇಳಿದರೆ ಅದು ಅರ್ಧವಾಗಿಬಿಡುತ್ತದೆ ಎಂದೆ. ಇಷ್ಟು ಮಾತನ್ನು ನಾನು ಯಾರಿಗೂ ಹೇಳಿರಲಿಲ್ಲ.

ಅವಳು ಹೊಟ್ಟೆಯ ಮೇಲಿನ ಕೈಯನ್ನು ಸ್ವಲ್ಪ ಆಚೆಗೆ ಸರಿಸಿಕೊಂಡಳು. "ಇನ್ನು ಮೇಲೆ ನಿಜ ಹೇಳಿಯೇ ಟೆನ್ಶನ್ ಮಾಡು. ಅದನ್ನು ನಾನು ತಡ್ಕೊಳ್ತೇನೆ. ಎಲ್ಲಿ ಹುಡುಕ್ಬೇಕು ಅಂತ ಗೊತ್ತಿಲ್ಲದ್ದನ್ನು ತಡ್ಕೊಳ್ಲಿಕ್ಕೆ ಆಗುದಿಲ್ಲ."

ಗಂಟೆ ಕಳೆದು ನೋಡಿದಾಗ ನೂರ ನಲವತ್ತು, ತೊಂಬತ್ತು. ಆಸ್ಪತ್ರೆಗೆ ಹೋಗಲಿಲ್ಲ. ಆದರೆ ಭಾನುವಾರದ ರೈಲಿನ ಟಿಕೆಟನ್ನು ರದ್ದು ಮಾಡಿ, ಸೋಮವಾರದಿಂದ ರಜೆ ಹಾಕಿದೆ. ಸೋಮವಾರ ಬೆಳಿಗ್ಗೆ ಡಾಕ್ಟರಮ್ಮ ಅಕ್ಕನನ್ನು ಪರೀಕ್ಷಿಸಿ, ಎರಡು ದಿನ ಇಲ್ಲೇ ಇರಲಿ, ನೋಡೋಣ ಎಂದು ವಾರ್ಡಿಗೆ ಸೇರಿಸಿಕೊಂಡರು. ಈ ತಿಂಗಳುಗಳಲ್ಲಿ ಕೆಲವರಿಗೆ ಹೀಗಾಗುತ್ತದೆ, ಬೇಗ ಬಂದಿದ್ದು ಒಳ್ಳೆಯದಾಯಿತು ಎಂದರು. ಹೀಗಾಗುವುದಕ್ಕೆ ಕಾರಣ ಏನೆಂದು ಕೇಳಲು ನಾನು ಬಾಯಿ ತೆರೆದೆ. ಶನಿವಾರದ ಆ ಎರಡು ಗಂಟೆಗಳು ಇಲ್ಲದಿದ್ದರೂ ಇದು ಆಗುತ್ತಿತ್ತೇ ಎಂಬುದಷ್ಟೇ ನನಗೆ ಬೇಕಿತ್ತು. ಹಾಸಿಗೆಯ ಮೇಲಿನಿಂದ ಅಕ್ಕ ನನ್ನನ್ನು ನೋಡಿದಳು. ಡಾಕ್ಟರಮ್ಮ ಆಚೆ ಹೋದ ಮೇಲೆ ಹೇಳಿದಳು, "ಕೇಳ್ಬೇಡ. ಅವರು ಹೌದು ಅಂದ್ರೆ ಎಂತ ಮಾಡ್ತಿ ನೀನು?"

ಕೇಳಲಿಲ್ಲ. ಎರಡು ದಿನ ವಾರ್ಡಿನ ಹೊರಗೆ ಬೆಂಚಿನ ಮೇಲೆ ಕುಳಿತಿದ್ದೆ. ನರ್ಸ್ ಬಂದು ತೋಳಿನ ಪಟ್ಟಿ ಬಿಗಿಯುವಾಗಲೆಲ್ಲ ಎದ್ದು ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದೆ. ಅಮ್ಮ ಹತ್ತು ದಿನ ಕಾಯದೆ ಬುಧವಾರವೇ ಬಂದಿಳಿದರು. ಮಗು ಜನವರಿಯಲ್ಲಿ, ದಿನ ತುಂಬುವುದಕ್ಕೆ ಎರಡು ವಾರ ಮೊದಲು ಹುಟ್ಟಿತು. ಹೆಣ್ಣು. ತೂಕ ತುಸು ಕಡಿಮೆ ಇತ್ತು, ಈಗ ಸರಿಯಾಗಿದೆ. ಎರಡು ವಾರ ಮೊದಲು ಏಕೆ ಎಂಬುದನ್ನೂ ನಾನು ಕೇಳಲಿಲ್ಲ.

ದಿಬ್ಬಗಳ ಚಿತ್ರಗಳಲ್ಲಿ ಎರಡೋ ಮೂರೋ ನಿಜವಾಗಿ ಚೆನ್ನಾಗಿವೆ. ಅವುಗಳ ಮೂಲೆಯಲ್ಲಿ ಕ್ಯಾಮೆರಾ ಹೊತ್ತನ್ನು ನಮೂದಿಸಿದೆ. ಅತಿ ಚೆನ್ನಾಗಿರುವುದು ತೆಗೆದದ್ದು ನಾಲ್ಕು ಇಪ್ಪತ್ತೆರಡಕ್ಕೆ.

ಈಗಲೂ ಒಬ್ಬಳೇ ಹೋಗುತ್ತೇನೆ. ಹೊರಡುವ ಮೊದಲು ಜಾಗದ ಹೆಸರು, ಬಸ್ಸಿಳಿಯುವ ನಿಲ್ದಾಣ, ವಾಪಸು ಬರುವ ಹೊತ್ತು ಬರೆದು ಅಕ್ಕನಿಗೆ ಕಳಿಸುತ್ತೇನೆ. ಅವಳು ಹ್ಞೂಂ ಎಂದಷ್ಟೇ ಬರೆಯುತ್ತಾಳೆ, ಕೆಲವು ಸಲ ಮಗು ಫೋನ್ ಕೊಡುವುದಿಲ್ಲ ಎಂದು ತಡವಾಗಿ ಬರೆಯುತ್ತಾಳೆ. ಅಲ್ಲಿಯವರೆಗೆ, ಬೆಳಕು ಎಷ್ಟೇ ಬೇಗ ಹೋಗುತ್ತಿರಲಿ, ಬಂಡೆಯ ಮೇಲೆ ಕುಳಿತು ಕಾಯುತ್ತೇನೆ. ಅವಳು ಓದಿದಳು ಎಂದು ಗೊತ್ತಾಗುವವರೆಗೆ ಕ್ಯಾಮೆರಾವನ್ನು ಬ್ಯಾಗಿನಿಂದ ಹೊರಗೆ ತೆಗೆಯುವುದಿಲ್ಲ.